ಕಂಬಳದ ಓಟವೂ ಕ್ಯಾಮೆರದ ಕಣ್ಣೂ

ಓಡುವುದರ ಚಿತ್ರವನ್ನು ಚೆನ್ನಾಗಿ ತೆಗೆಯಬೇಕಾದರೆ ಬಹು ಬೆಲೆಯ ಕ್ಯಾಮೆರ ಬೇಕೆಂಬುದು ನಮ್ಮಲ್ಲಿ ಬಲವಾಗಿ ಬೇರೂರಿರುವ ನಂಬಿಕೆ. ಇದರಲ್ಲಿ ಸತ್ಯವೆಷ್ಟು, ಮಿಥ್ಯವೆಷ್ಟು ಎಂಬುದನ್ನು ಪರೀಕ್ಷಿಸಲು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಂಬಳಕ್ಕಿಂತ ಒಳ್ಳೆಯ ಪ್ರಯೋಗಶಾಲೆ ದೊರೆಯುವುದು ಕಷ್ಟ. ಕೆಸರುನೀರು ನಿಂತ ನೀಳವಾದ ಓಟದ ಗದ್ದೆ. ಅದನ್ನು ಅಲ್ಲಿಯವರು ‘ಕರೆ’ ಎನ್ನುತ್ತಾರೆ. ಅದರಲ್ಲಿ ಒಂದು ಜೊತೆ ಕೋಣಗಳು. ಅವುಗಳ ಹಿಂದೆ ಹಗ್ಗವನ್ನೋ ನೇಗಿಲನ್ನೋ ಹಿಡಿದು, ಇಲ್ಲವೆ ಹಲಗೆಯ ಮೇಲೆ ನಿಂತು ಸಾಗುವ ಓಟಗಾರ. ಕಾಲು ನಿಮಿಷದೊಳಗೆ ಎಲ್ಲವೂ ಮುಗಿಯುತ್ತದೆ. ಕರೆಯ ಎರಡು ಬದಿಗಳಲ್ಲಿಯೂ ಕ್ಯಾಮೆರಗಳು, ಮೊಬೈಲುಗಳು ಲೆಕ್ಕವಿಲ್ಲದಷ್ಟು. ಮರುದಿನ ಚಿತ್ರಗಳನ್ನು ತೆರೆದು ನೋಡಿದರೆ, ಹೆಚ್ಚಿನವುಗಳಲ್ಲಿ ಹಿಂದಿನ ತೆಂಗಿನಮರಗಳು ಸ್ಪಷ್ಟವಾಗಿವೆ, ಮುಂದಿನ ಕೋಣಗಳು ಮಸಿಯ ಗೆರೆಯಂತಿವೆ. ಅಥವಾ ಕೋಣಗಳ ಮೂತಿ ಚೌಕಟ್ಟಿನಿಂದಾಚೆಗೆ ಹೋಗಿ ಬಾಲ ಮಾತ್ರ ಉಳಿದಿದೆ. ದೋಷವೆಲ್ಲ ಕ್ಯಾಮೆರದ್ದೆಂದು ಹೇಳಿ ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಭೌತವಿಜ್ಞಾನ ಈ ಸಮಾಧಾನಕ್ಕೆ ಅಷ್ಟು ಸುಲಭವಾಗಿ ಎಡೆಗೊಡುವುದಿಲ್ಲ.

ಮೊದಲು ಓಟದ ವೇಗವನ್ನು ಗೊತ್ತುಮಾಡಿಕೊಳ್ಳೋಣ. ೨೦೨೦ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ತಮ್ಮ ಕೋಣಗಳೊಡನೆ ೧೪೨.೫ ಮೀಟರನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದರೆಂದು ವರದಿಯಾಯಿತು. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು ೧೦.೫ ಮೀಟರ್ ಸರಾಸರಿ ವೇಗ. ಆ ದಿನಗಳಲ್ಲಿ ಪತ್ರಿಕೆಗಳೆಲ್ಲ ಇದನ್ನು ಉಸೇನ್ ಬೋಲ್ಟರ ೯.೫೮ ಸೆಕೆಂಡಿನ ದಾಖಲೆಯೊಡನೆ ಹೋಲಿಸಿ ಸಂಭ್ರಮಿಸಿದವು. ಒಬ್ಬನು ಕೋಣಗಳ ಎಳೆತದಿಂದ ಮುನ್ನುಗ್ಗುವವನು, ಇನ್ನೊಬ್ಬನು ತನ್ನ ಕಾಲಬಲವೊಂದರಿಂದಲೇ ಓಡುವವನು. ಈ ಹೋಲಿಕೆಯಲ್ಲಿ ನ್ಯಾಯವಿಲ್ಲ. ಚಿತ್ರ ತೆಗೆಯುವವನಿಗಾದರೋ ಈ ಜಗಳ ಬೇಡ. ಅವನಿಗೆ ಸೆಕೆಂಡಿಗೆ ಹತ್ತು ಮೀಟರ್ ಎಂಬ ದುಂಡು ಸಂಖ್ಯೆಯೇ ಸಾಕು.

ಆದರೆ ಕ್ಯಾಮೆರದ ಒಳಗೆ ಓಡುವುದು ಕೋಣವಲ್ಲ, ಕೋಣದ ಬಿಂಬ. ಹಿಂದೆ ಫಿಲ್ಮ್ ಇರುತ್ತಿದ್ದ ಸ್ಥಳದಲ್ಲಿ ಇಂದು ಸೆನ್ಸರ್ ಎಂಬ ಫಲಕವಿದೆ. ಷಟರ್ ತೆರೆದಿರುವಷ್ಟು ಹೊತ್ತು ಬಿಂಬವು ಆ ಫಲಕದ ಮೇಲೆ ಎಷ್ಟು ದೂರ ಸರಿಯಿತೋ ಅಷ್ಟೇ ಚಿತ್ರದ ಮಸುಕು. ಹಾಗಾದರೆ ನಮ್ಮ ಪ್ರಶ್ನೆ ‘ಕೋಣ ಎಷ್ಟು ಬೇಗ ಓಡುತ್ತದೆ?’ ಎಂಬುದಲ್ಲ, ‘ಬಿಂಬ ಎಷ್ಟು ಬೇಗ ಸರಿಯುತ್ತದೆ?’ ಎಂಬುದು.

ಕೋಣಗಳೂ ಓಟಗಾರನೂ ಪೂರ್ತಿಯಾಗಿ ಚಿತ್ರದೊಳಗೆ ಇರಬೇಕಾದರೆ ಸುಮಾರು ಆರು ಮೀಟರ್ ಅಗಲದ ನೋಟ ಬೇಕು. ಕರೆಯಿಂದ ೨೦ ಮೀಟರ್ ದೂರದಲ್ಲಿ ನಿಂತು ೧೨೦ ಮಿಲಿಮೀಟರ್ ಸಂಗಮದೂರದ ಮಸೂರವನ್ನು ಬಳಸಿದರೆ ಈ ಆರು ಮೀಟರ್ ನೋಟವು ೩೬ ಮಿಲಿಮೀಟರ್ ಅಗಲದ ಸೆನ್ಸರಿನ ಮೇಲೆ ಸರಿಯಾಗಿ ಕೂರುತ್ತದೆ. ಎಂದರೆ ಸೆಕೆಂಡಿಗೆ ೧೦ ಮೀಟರ್ ಓಟವು ಸೆನ್ಸರಿನ ಮೇಲೆ ಸೆಕೆಂಡಿಗೆ ೬೦ ಮಿಲಿಮೀಟರ್ ಓಟವಾಗುತ್ತದೆ. ಛಾಯಾಗ್ರಾಹಕರಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಒಂದು ಅಳತೆಯಿದೆ: ಇಂಥ ಸೆನ್ಸರಿನ ಮೇಲೆ ಮಸುಕು ೦.೦೩ ಮಿಲಿಮೀಟರನ್ನು ಮೀರದಿದ್ದರೆ, ಮುದ್ರಿಸಿದ ಸಾಧಾರಣ ಗಾತ್ರದ ಚಿತ್ರವು ಕಣ್ಣಿಗೆ ಸ್ಪಷ್ಟವಾಗಿಯೇ ತೋರುತ್ತದೆ. ಬಿಂಬವು ಇಷ್ಟು ದೂರ ಸರಿಯಲು ಬೇಕಾಗುವ ಕಾಲ ಸೆಕೆಂಡಿನ ೧/೨೦೦೦ ಭಾಗ. ನಮಗೆ ಬೇಕಾದ ಷಟರ್ ಅವಧಿ ಅದೇ.

ಈಗ ಒಂದು ಕುತೂಹಲದ ಸಂಗತಿಯನ್ನು ಗಮನಿಸಬೇಕು. ಹಿಂದಕ್ಕೆ ಸರಿದು ೪೦ ಮೀಟರ್ ದೂರದಲ್ಲಿ ನಿಂತೆವೆನ್ನೋಣ. ದೂರ ಹೋದಷ್ಟೂ ಓಟ ನಿಧಾನವಾಗಿ ಕಾಣುತ್ತದಲ್ಲವೇ, ಆದ್ದರಿಂದ ಮಸುಕೂ ಕಡಿಮೆಯಾಗಬೇಕೆಂದು ತೋರುತ್ತದೆ. ಆದರೆ ಅದೇ ಆರು ಮೀಟರ್ ನೋಟವನ್ನು ತುಂಬಿಕೊಳ್ಳಲು ಈಗ ೨೪೦ ಮಿಲಿಮೀಟರಿನ ಮಸೂರ ಬೇಕು. ಬಿಂಬದ ವೇಗ ಮತ್ತೆ ೬೦ ಮಿಲಿಮೀಟರಿಗೇ ಬಂದು ನಿಲ್ಲುತ್ತದೆ! ಮಸೂರವನ್ನು ಬದಲಿಸದೆ ಚಿಕ್ಕದಾಗಿ ತೆಗೆದು ಆಮೇಲೆ ದೊಡ್ಡದು ಮಾಡಿದರೂ ಫಲ ಒಂದೇ. ಚಿತ್ರದೊಡನೆ ಮಸುಕೂ ದೊಡ್ಡದಾಗುತ್ತದೆ. ಅಷ್ಟೇಕೆ, ಉಗುರಿನಗಲದ ಸೆನ್ಸರುಳ್ಳ ಮೊಬೈಲಿಗೂ, ಲಕ್ಷಾಂತರ ರೂಪಾಯಿಯ ಕ್ಯಾಮೆರಕ್ಕೂ ಈ ನಿಯಮದಲ್ಲಿ ಭೇದವಿಲ್ಲ. ಒಂದು ಸೆಕೆಂಡಿನಲ್ಲಿ ಓಟವು ಚಿತ್ರದ ಅಗಲವನ್ನು ಎಷ್ಟು ಸಲ ದಾಟುತ್ತದೆ ಎಂಬುದೊಂದೇ ಇಲ್ಲಿ ನಿರ್ಣಾಯಕ. ಅರ್ಧ ಅಗಲದ ನೋಟವನ್ನು ಆಯ್ದುಕೊಂಡರೆ ಷಟರಿನ ಅವಧಿಯೂ ಅರ್ಧವಾಗಬೇಕು. ಓಟಗಾರನ ಮುಖವೊಂದೇ ಸಾಕೆಂದು ಒಂದೂವರೆ ಮೀಟರಿಗೆ ಇಳಿದರೆ ೧/೮೦೦೦ ಸೆಕೆಂಡು ಬೇಕಾಗುತ್ತದೆ. ಸಮೀಪದ ನೋಟ ಎಂದಿಗೂ ದುಬಾರಿ.

ಈ ೧/೨೦೦೦ ಎಂಬ ಸಂಖ್ಯೆಗೆ ಒಂದು ಹಳೆಯ ಕೀರ್ತಿಯಿದೆ. ೧೮೭೮ರ ಜೂನಿನಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬಾತ, ಶ್ರೀಮಂತ ಲೀಲಂಡ್ ಸ್ಟ್ಯಾನ್‌ಫರ್ಡರ ಕುದುರೆಗಳು ಓಡುವ ದಾರಿಯ ಬದಿಗೆ ಹನ್ನೆರಡು ಕ್ಯಾಮೆರಗಳನ್ನು ಸಾಲಾಗಿ ನಿಲ್ಲಿಸಿದ. ಕುದುರೆ ಎಲ್ಲಿ ಬರುತ್ತದೆಂಬುದು ಗೊತ್ತಿತ್ತು. ಯಾವ ಕ್ಷಣಕ್ಕೆ ಬರುತ್ತದೆಂಬುದನ್ನು ಕುದುರೆಯೇ ಹೇಳುವಂತೆ, ದಾರಿಗೆ ಅಡ್ಡಲಾಗಿ ಕಟ್ಟಿದ ಎಳೆಗಳನ್ನು ಅದು ತಾಕಿದೊಡನೆ ಷಟರುಗಳು ಒಂದೊಂದಾಗಿ ಬೀಳುವ ಏರ್ಪಾಡಾಗಿತ್ತು. ಸ್ಯಾಲಿ ಗಾರ್ಡ್ನರ್ ಎಂಬ ಕುದುರೆಯ ಆ ಚಿತ್ರಗಳನ್ನು ಪ್ರಕಟಿಸಿದ ಕಾರ್ಡಿನ ಮೇಲೆ, ಪ್ರತಿಯೊಂದು ಚಿತ್ರದ ಅವಧಿಯೂ ಸೆಕೆಂಡಿನ ೧/೨೦೦೦ ಭಾಗಕ್ಕಿಂತ ಕಡಿಮೆಯೆಂದು ಅಚ್ಚಾಗಿದೆ. ಮೈಲಿಗೆ ಒಂದು ನಿಮಿಷ ನಲವತ್ತು ಸೆಕೆಂಡಿನ ಆ ನಾಗಾಲೋಟದಲ್ಲಿ ಕುದುರೆಯ ಮೈ ಅಷ್ಟು ಕಾಲದಲ್ಲಿ ಸಾಗುವುದು ಕೇವಲ ಎಂಟು ಮಿಲಿಮೀಟರ್. ಕುದುರೆಯ ನಾಲ್ಕು ಕಾಲುಗಳೂ ಏಕಕಾಲಕ್ಕೆ ನೆಲವನ್ನು ಬಿಡುವುದುಂಟೇ ಎಂಬ ಹಳೆಯ ಚರ್ಚೆ ಅದರಿಂದ ಮುಗಿಯಿತು. ಬಿಡುವುದುಂಟು, ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಚಾಚಿದಾಗಲಲ್ಲ, ಹೊಟ್ಟೆಯಡಿಗೆ ಮಡಿಚಿಕೊಂಡಾಗ. ತೊಂದರೆ ತಂದದ್ದು ಮಾತ್ರ ಅಂದಿನ ಮಂದಗತಿಯ ರಾಸಾಯನಿಕ ಲೇಪ. ಅಷ್ಟು ಕಿರಿದಾದ ಅವಧಿಯಲ್ಲಿ ಸಾಕಷ್ಟು ಬೆಳಕು ದೊರೆಯದೆ ಆ ಕುದುರೆಗಳು ಬಹುಪಾಲು ಕರಿಯ ನೆರಳುಗಳಾಗಿಯೇ ಉಳಿದವು.

ಕಾಲುಗಳ ಮಾತು ಬಂದುದರಿಂದ ಇನ್ನೊಂದು ವಿಷಯ. ಓಡುವವನ ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ. ಉರುಳುವ ಗಾಡಿಯ ಚಕ್ರವನ್ನು ನೆನೆಯಿರಿ: ನೆಲವನ್ನು ಮುಟ್ಟಿದ ಬಿಂದು ಆ ಕ್ಷಣಕ್ಕೆ ನಿಶ್ಚಲ, ನೆತ್ತಿಯ ಬಿಂದುವಿನ ವೇಗ ಗಾಡಿಯ ವೇಗದ ಎರಡರಷ್ಟು. ಓಟದಲ್ಲಿಯೂ ನೆಲಕ್ಕೂರಿದ ಪಾದ ನಿಂತಿದೆ, ಮುಂದಕ್ಕೆ ಬೀಸುವ ಪಾದ ಮೈಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿದೆ. ಒಂದೇ ಚಿತ್ರದಲ್ಲಿ ಒಂದು ಗೊರಸು ಕೆತ್ತಿದಂತೆಯೂ ಇನ್ನೊಂದು ಹೊಗೆಯಂತೆಯೂ ಬಂದರೆ ಅದು ಕ್ಯಾಮೆರದ ದೋಷವಲ್ಲ, ನಡೆದದ್ದರ ವರದಿ.

ಎಲ್ಲಿ ನಿಲ್ಲಬೇಕು?

ಇದುವರೆಗೆ ಓಟವು ನಮ್ಮ ನೋಟಕ್ಕೆ ಅಡ್ಡವಾಗಿ ಸಾಗುತ್ತದೆಂದು ಭಾವಿಸಿದೆವು. ಓರೆಯಾಗಿ ಬಂದರೆ ಲೆಕ್ಕ ಬದಲಾಗುತ್ತದೆ. ನಮ್ಮ ದೃಷ್ಟಿರೇಖೆಗೆ ೩೦ ಅಂಶಗಳ ಕೋನದಲ್ಲಿ ಬರುವ ಓಟದ ಅಡ್ಡವೇಗ ಅರ್ಧಕ್ಕೆ ಇಳಿಯುತ್ತದೆ. ೧/೧೦೦೦ ಸೆಕೆಂಡು ಸಾಕು. ನೇರವಾಗಿ ಎದುರಿಗೇ ಬಂದರೆ ಬಿಂಬವು ಸರಿಯುವುದೇ ಇಲ್ಲ, ಹಿಗ್ಗುತ್ತದೆ ಮಾತ್ರ. ನಮ್ಮ ೧೨೦ ಮಿಲಿಮೀಟರ್ ಮಸೂರದಲ್ಲಿ, ೨೦ ಮೀಟರ್ ದೂರದಿಂದ ಬರುತ್ತಿರುವ ಜೋಡಿಯ ನಡುವಿನಿಂದ ಒಂದು ಮೀಟರ್ ಆಚೆಗಿರುವ ಅಂಚು ಹೀಗೆ ಹಿಗ್ಗುವ ವೇಗ ಸೆಕೆಂಡಿಗೆ ಮೂರೇ ಮಿಲಿಮೀಟರ್. ಅಡ್ಡ ಓಟದ ಇಪ್ಪತ್ತರಲ್ಲಿ ಒಂದು ಪಾಲು. ಕಾಲುಗಳ ಏರಿಳಿತವೂ ನೀರಿನ ಹಾರಾಟವೂ ಇದ್ದೇ ಇರುತ್ತವೆ, ನಿಜ. ಆದರೂ ಸಾಧಾರಣ ಕ್ಯಾಮೆರದವನಿಗೆ ಎದುರು ನೋಟ ದೊಡ್ಡ ಉಪಕಾರಿ. ಓಟ ಮುಗಿದು ಕೋಣಗಳು ಏರಿಬರುವ ‘ಮಂಜೊಟ್ಟಿ’ಯ ಕಡೆಗೆ ಛಾಯಾಗ್ರಾಹಕರು ನೆರೆಯುವುದು ಬರಿಯ ಗುಂಪುಗಾರಿಕೆಯಿಂದಲ್ಲ.

ಇಲ್ಲಿ ಒಂದು ಎಚ್ಚರಿಕೆ. ಇಪ್ಪತ್ತು ಮೀಟರ್ ಎಂದರೆ ಬಹಳ ದೂರವೆಂದು ತೋರಬಹುದು. ಕೋಣಗಳಿಗೆ ಅದು ಎರಡೇ ಸೆಕೆಂಡಿನ ದಾರಿ. ಮೊಬೈಲಿನ ಸಾಮಾನ್ಯ ಮಸೂರ ವಿಶಾಲ ನೋಟದ್ದು. ಅದು ವಸ್ತುಗಳನ್ನು ಚಿಕ್ಕದಾಗಿ ತೋರಿಸುವುದರಿಂದ, ತೆರೆಯ ಮೇಲೆ ಇನ್ನೂ ದೂರದಲ್ಲಿರುವಂತೆ ಕಾಣುವ ಕೋಣಗಳು ನಿಜವಾಗಿ ಮೈಮೇಲೆ ಬಂದಿರುತ್ತವೆ. ನೇರ ಎದುರಿನ ನೋಟ ಬೇಕೆಂದು ಓಟದ ದಾರಿಯಲ್ಲಿಯೇ ನಿಲ್ಲಬೇಕಾಗಿಲ್ಲ. ಹತ್ತು ಅಂಶಗಳಷ್ಟು ಬದಿಗೆ ಸರಿದು, ಅಡ್ಡಗಟ್ಟೆಯ ಹಿಂದೆ ನಿಂತರೂ ಅಡ್ಡವೇಗ ಆರರಲ್ಲಿ ಒಂದು ಪಾಲನ್ನು ಅಷ್ಟಾಗಿ ಮೀರುವುದಿಲ್ಲ. ಎದುರಿಗೆ ನಿಂತು ಗಳಿಸುವ ಚಿತ್ರದ ಗುಣವೆಲ್ಲ ಅಲ್ಲಿಯೂ ದೊರೆಯುತ್ತದೆ, ಮೂಳೆ ಮುರಿಯುವುದನ್ನು ಬಿಟ್ಟು.

ಎದುರು ನೋಟದಲ್ಲಿ ಮಸುಕಿನ ಬಾಧೆ ತಗ್ಗಿದರೆ, ನಾಭಿಸಾಧನೆಯ ಬಾಧೆ ಹೆಚ್ಚುತ್ತದೆ. ಮಸೂರವನ್ನು ಒಂದು ದೂರಕ್ಕೆ ಹೊಂದಿಸಿದಾಗ ಅದರ ಹಿಂದೆ ಮುಂದೆ ಸ್ವಲ್ಪ ಆಳ ಮಾತ್ರ ಸ್ಪಷ್ಟವಾಗಿರುತ್ತದೆ. ೨೦೦ ಮಿಲಿಮೀಟರ್ ಮಸೂರವನ್ನು ಎಫ್ ೨.೮ರ ಪೂರ್ಣ ದ್ವಾರದಲ್ಲಿ ೨೦ ಮೀಟರಿಗೆ ಹೊಂದಿಸಿದರೆ ಆ ಆಳ ಸುಮಾರು ೧.೭ ಮೀಟರ್. ಓಟ ಅದನ್ನು ದಾಟಲು ಸೆಕೆಂಡಿನ ಆರನೆಯ ಒಂದು ಭಾಗ ಸಾಕು. ಕಂಡದ್ದನ್ನು ತಿಳಿದು ಬೆರಳನ್ನು ಒತ್ತಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗದಷ್ಟಾದರೂ ಬೇಕು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ: ‘ಈಗ ಸ್ಪಷ್ಟವಾಯಿತು’ ಎಂದು ಕಂಡಮೇಲೆ ಒತ್ತುವವನಿಗೆ ಸ್ಪಷ್ಟವಾದ ಚಿತ್ರ ಸಿಗುವುದೇ ಇಲ್ಲ. ಆದ್ದರಿಂದ ಹಳೆಯ ಛಾಯಾಗ್ರಾಹಕರು ಕೋಣವನ್ನು ಬಿಟ್ಟು ಜಾಗವನ್ನು ಹಿಡಿಯುತ್ತಿದ್ದರು. ಕರೆಯ ಅಂಚಿನ ಒಂದು ಗುರುತಿಗೆ ಮಸೂರವನ್ನು ಮೊದಲೇ ಹೊಂದಿಸಿ, ಓಟ ಅಲ್ಲಿಗೆ ಬರುವ ಎರಡು ಮೀಟರ್ ಮುಂಚೆ ಒತ್ತುವುದು ಅವರ ಪದ್ಧತಿ. ಇಂದಿನ ಸ್ವಯಂಚಾಲಿತ ವ್ಯವಸ್ಥೆ ಕ್ಷಣಕ್ಷಣಕ್ಕೂ ದೂರವನ್ನು ಅಳೆದು, ಮುಂದಿನ ಕ್ಷಣದಲ್ಲಿ ವಸ್ತು ಎಲ್ಲಿರುತ್ತದೆಂದು ಲೆಕ್ಕಹಾಕಿ ಮಸೂರವನ್ನು ತಾನೇ ಸರಿಸುತ್ತದೆ. ಅದು ಅದ್ಭುತವೇ ಸರಿ. ಆದರೆ ಕಂಬಳದಲ್ಲಿ ಕ್ಯಾಮೆರಕ್ಕೂ ಕೋಣಕ್ಕೂ ನಡುವೆ ನೀರಿನ ತೆರೆ ಏಳುತ್ತದಷ್ಟೆ; ಯಂತ್ರವು ಕೋಣದ ಕಣ್ಣನ್ನು ಬಿಟ್ಟು ನೀರಿನ ಹನಿಯನ್ನು ನೆಚ್ಚಿಕೊಳ್ಳುವುದುಂಟು. ಅಂಥಲ್ಲಿ ಹಳೆಯ ಪದ್ಧತಿಯೇ ಮೇಲೆಂದು ನನ್ನ ಅಭಿಪ್ರಾಯ.

ಕ್ಷಣವನ್ನು ಆಯುವುದು

ಸೆಕೆಂಡಿಗೆ ಹತ್ತೋ ಇಪ್ಪತ್ತೋ ಚಿತ್ರಗಳನ್ನು ಸರಸರನೆ ತೆಗೆಯುವ ಕ್ಯಾಮೆರ ಇರುವಾಗ ಕ್ಷಣವನ್ನು ಆಯುವ ಕಷ್ಟವೇಕೆ ಎಂದು ಕೇಳಬಹುದು. ಕ್ರಿಕೆಟ್ಟಿನ ಉದಾಹರಣೆ ತೆಗೆದುಕೊಳ್ಳೋಣ. ಗಂಟೆಗೆ ೧೪೦ ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ ಸುಮಾರು ೩೯ ಮೀಟರ್ ಸಾಗುತ್ತದೆ. ಸೆಕೆಂಡಿಗೆ ಹತ್ತು ಚಿತ್ರಗಳಾದರೆ, ಒಂದರಲ್ಲಿ ಚೆಂಡು ಬ್ಯಾಟಿನಿಂದ ಎರಡು ಮೀಟರ್ ಆಚೆಗಿದೆ, ಮುಂದಿನದರಲ್ಲಿ ಹೊಡೆತ ಮುಗಿದೇಹೋಗಿದೆ. ಚೆಂಡು ಬ್ಯಾಟಿಗೆ ಅಂಟಿರುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗ. ಎರಡು ಚಿತ್ರಗಳ ನಡುವಿನ ಬಿಡುವು ನೂರು ಅಂಥ ಭಾಗಗಳಾದ್ದರಿಂದ, ಗುಂಡಿ ಒತ್ತಿ ಹಿಡಿದವನಿಗೆ ಆ ಸ್ಪರ್ಶ ದೊರೆಯುವ ಸಂಭವ ನೂರಕ್ಕೆ ಒಂದು. ಇಪ್ಪತ್ತು ಚಿತ್ರಗಳಾದರೆ ಐವತ್ತಕ್ಕೆ ಒಂದು. ಒತ್ತುವ ಮುಂಚಿನ ಕ್ಷಣಗಳನ್ನೂ ಕೂಡಿಟ್ಟುಕೊಳ್ಳುವ ಕ್ಯಾಮೆರಗಳು ಈಚೆಗೆ ಬಂದಿವೆ. ಅವು ನಮ್ಮ ಬೆರಳಿನ ತಡವನ್ನು ಮನ್ನಿಸುತ್ತವೆ, ಬಿಡುವನ್ನು ತುಂಬಲಾರವು.

ಅದೃಷ್ಟವಶಾತ್, ಆಟಗಳಲ್ಲಿ ಬಹಳಷ್ಟು ಚೆಲುವಾದ ಕ್ಷಣಗಳನ್ನು ಪ್ರಕೃತಿಯೇ ನಿಧಾನಗೊಳಿಸಿ ಕೊಡುತ್ತದೆ. ವಾಲಿಬಾಲಿನಲ್ಲಿ ಹೊಡೆಯಲು ನೆಗೆದವನನ್ನು ನೋಡಿ. ಏರುತ್ತ ಏರುತ್ತ ಅವನ ವೇಗ ಕುಂದಿ, ತುದಿಯಲ್ಲಿ ಸೊನ್ನೆಯಾಗಿ, ಮತ್ತೆ ಇಳಿಯಲು ತೊಡಗುತ್ತಾನೆ. ನೆಗೆತದ ಎತ್ತರದಲ್ಲಿ ಮೇಲಿನ ಕಾಲುಭಾಗವನ್ನು ಮಾತ್ರ ಪ್ರತ್ಯೇಕಿಸಿದರೆ, ಅವನು ಗಾಳಿಯಲ್ಲಿರುವ ಕಾಲದ ಸರಿಯಾಗಿ ಅರ್ಧ ಆ ಕಾಲುಭಾಗದಲ್ಲಿಯೇ ಕಳೆಯುತ್ತದೆ. ಬೀಳುವ ದೂರವು ಕಾಲದ ವರ್ಗಕ್ಕೆ ಅನುಗುಣವೆಂದು ಗೆಲಿಲಿಯೋ ಕಂಡುಕೊಂಡ ನಿಯಮದ ನೇರ ಫಲವಿದು. ೬೦ ಸೆಂಟಿಮೀಟರ್ ನೆಗೆದವನು ನೆಲ ಬಿಡುವಾಗ ಸೆಕೆಂಡಿಗೆ ೩.೪ ಮೀಟರ್ ವೇಗದಲ್ಲಿರುತ್ತಾನೆ. ತುದಿಗೆ ಸೆಕೆಂಡಿನ ೧/೨೦ ಭಾಗದಷ್ಟು ಆಚೀಚೆ ಇರುವಾಗ ಅವನ ಮೈಯ ವೇಗ ಅರ್ಧ ಮೀಟರನ್ನು ಮೀರುವುದಿಲ್ಲ. ಬೀಸುವ ಕೈಯನ್ನು ಬಿಟ್ಟರೆ ಉಳಿದ ಮೈಗೆ, ಅಂಗಡಿಯ ಅತ್ಯಂತ ಅಗ್ಗದ ಕ್ಯಾಮೆರವೂ ಇಲ್ಲಿ ಸಾಕು.

ಕಂಬಳದ ನೀರಿಗೂ ಇದೇ ನಿಯಮ. ‘ಕನೆಹಲಗೆ’ ಎಂಬ ವಿಭಾಗದಲ್ಲಿ ಗೆಲವು ಓಟದ ವೇಗದಿಂದಲ್ಲ, ಹಲಗೆಯ ತೂತಿನಿಂದ ಚಿಮ್ಮುವ ನೀರು ಎಷ್ಟು ಮೇಲೇರಿತು ಎಂಬುದರಿಂದ. ಮೇಲೆ ಕಟ್ಟಿದ ನಿಶಾನೆಯನ್ನು ನೀರು ಮುಟ್ಟಬೇಕು. ಚಿತ್ರಕಾರನಿಗೆ ಇದಕ್ಕಿಂತ ಹಬ್ಬ ಬೇರೊಂದಿಲ್ಲ. ಆದರೆ ಹೊಸಬರು ಇಲ್ಲಿ ಒಂದು ತಪ್ಪು ಮಾಡುತ್ತಾರೆ: ಹಲಗೆ ನಿಶಾನೆಯ ಕೆಳಗೆ ಬಂದ ಕ್ಷಣಕ್ಕೆ ಒತ್ತುತ್ತಾರೆ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕಹಾಕಿದರೆ, ಐದು ಮೀಟರ್ ಎತ್ತರಕ್ಕೆ ಏರಬೇಕಾದ ಹನಿಯು ಸೆಕೆಂಡಿಗೆ ಸುಮಾರು ೧೦ ಮೀಟರ್ ವೇಗದಲ್ಲಿ ಹೊರಟು, ತುದಿಯನ್ನು ಮುಟ್ಟುವಾಗ ಒಂದು ಸೆಕೆಂಡು ಕಳೆದಿರುತ್ತದೆ. ಅಷ್ಟರಲ್ಲಿ ಹಲಗೆ ಎಷ್ಟೋ ಮುಂದಕ್ಕೆ ಸಾಗಿದೆ. ಹನಿಗಳಿಗೂ ಹಲಗೆಯ ಮುನ್ನುಗ್ಗುವ ವೇಗದ ಒಂದು ಪಾಲು ಬಂದಿರುವುದರಿಂದ ಅವು ಪೂರ್ತಿ ಹಿಂದುಳಿಯುವುದಿಲ್ಲ. ಆದರೂ ನೀರಿನ ಶಿಖರ ಓಟದ ಹಿಂದೆಯೇ ಇರುತ್ತದೆ. ಕೋಣ, ಓಟಗಾರ, ನಿಶಾನೆಯನ್ನು ಮುಟ್ಟುತ್ತಿರುವ ನೀರು ಈ ಮೂರೂ ಒಂದೇ ಚಿತ್ರದಲ್ಲಿ ಬೇಕಾದರೆ ಆರು ಮೀಟರಿನ ನೋಟ ಸಾಲದು. ಹನ್ನೆರಡು ಮೀಟರ್ ಬೇಕಾದೀತು. ಆಗ ಷಟರಿಗೆ ೧/೧೦೦೦ ಸೆಕೆಂಡು ಸಾಕಾಗುತ್ತದೆಂಬುದು ಅದರ ಜೊತೆಗೆ ಬರುವ ಲಾಭ.

ನಿಲ್ಲಿಸಬೇಕೆ, ಹರಿಯಬಿಡಬೇಕೆ?

ಮೈಬ್ರಿಜನ ಚಿತ್ರಗಳು ಬಂದಮೇಲೆ ಕುದುರೆಯ ಕಾಲನ್ನು ಚಾಚಿ ಬರೆದ ಹಳೆಯ ಚಿತ್ರಗಳನ್ನು ಕಂಡು ನಕ್ಕವರು ಬಹಳ ಮಂದಿ. ಜೆರಿಕೋ ೧೮೨೧ರಲ್ಲಿ ಬರೆದ ಎಪ್ಸಮ್ಮಿನ ಕುದುರೆ ಪಂದ್ಯದ ಚಿತ್ರ ಅಂಥದು. ಆದರೆ ಶಿಲ್ಪಿ ರೋಡಿನ್ ಚಿತ್ರಕಾರನ ಪಕ್ಷ ವಹಿಸಿದನು. ನಿಜ ಜೀವನದಲ್ಲಿ ಕಾಲ ನಿಲ್ಲುವುದೇ ಇಲ್ಲವಾದ್ದರಿಂದ, ಕಾಲವನ್ನು ತುಂಡರಿಸಿ ತೋರಿಸುವ ಛಾಯಾಚಿತ್ರವೇ ಸುಳ್ಳು, ಅದರಲ್ಲಿ ಓಡುವವನು ಪಾರ್ಶ್ವವಾಯು ಬಡಿದವನಂತೆ ಕಾಣುತ್ತಾನೆ ಎಂಬುದು ಅವನ ವಾದ. ಭೌತವಿಜ್ಞಾನದವರಾದ ನಮಗೆ ಈ ವಾದವನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಆದರೆ ೧/೮೦೦೦ ಸೆಕೆಂಡಿನಲ್ಲಿ ತೆಗೆದ, ನೆಲಕ್ಕೆ ಮೊಳೆ ಹೊಡೆದಂತಿರುವ ಕೋಣಗಳನ್ನು ನೋಡಿದಾಗಲೆಲ್ಲ ಅವನ ಮಾತು ನೆನಪಿಗೆ ಬರುವುದು ನಿಜ.

ಇದಕ್ಕೆ ಛಾಯಾಗ್ರಾಹಕರು ಕಂಡುಕೊಂಡ ಉತ್ತರವೇ ಪ್ಯಾನಿಂಗ್. ಎಂದರೆ ಓಟವನ್ನು ಹಿಂಬಾಲಿಸಿ ಕ್ಯಾಮೆರವನ್ನು ತಿರುಗಿಸುತ್ತ, ಷಟರನ್ನು ನಿಧಾನವಾಗಿಟ್ಟು ಚಿತ್ರ ತೆಗೆಯುವುದು. ೨೦ ಮೀಟರ್ ದೂರದ ಓಟಕ್ಕೆ ಕ್ಯಾಮೆರವನ್ನು ಸೆಕೆಂಡಿಗೆ ಸುಮಾರು ೨೯ ಅಂಶಗಳಷ್ಟು ತಿರುಗಿಸಬೇಕು. ಆಗ ಕೋಣದ ಬಿಂಬ ಸೆನ್ಸರಿನ ಮೇಲೆ ನಿಲ್ಲುತ್ತದೆ, ಹಿನ್ನೆಲೆಯೇ ಓಡುತ್ತದೆ. ೧/೬೦ ಸೆಕೆಂಡಿನಲ್ಲಿ ಅದು ಒಂದು ಮಿಲಿಮೀಟರ್, ಎಂದರೆ ಚಿತ್ರದ ಅಗಲದ ೩೬ನೆಯ ಒಂದು ಭಾಗ ಸರಿದು, ಜನರೂ ತೆಂಗಿನಮರಗಳೂ ಉದ್ದನೆಯ ಗೆರೆಗಳಾಗುತ್ತವೆ. ಯಾವ ಕ್ಷಣದಲ್ಲಿ ಒತ್ತಬೇಕು? ಓಟ ದೂರದಲ್ಲಿರುವಾಗ ಕ್ಯಾಮೆರವನ್ನು ಮೆಲ್ಲಗೆ ತಿರುಗಿಸಿದರೆ ಸಾಕು. ಹತ್ತಿರವಾದಂತೆ ತಿರುಗುವ ವೇಗ ಏರುತ್ತ ಹೋಗಿ, ಓಟವು ಸರಿಯಾಗಿ ನಮ್ಮೆದುರಿಗೆ ಬಂದಾಗ ಅತ್ಯಧಿಕವಾಗಿ, ಮತ್ತೆ ಇಳಿಯುತ್ತದೆ. ಏರಿಕೆ ನಿಂತು ಇಳಿಕೆ ಇನ್ನೂ ತೊಡಗದ ಆ ಎದುರಿನ ಕ್ಷಣದಲ್ಲಿ ಮಾತ್ರ ಕೈಯ ವೇಗವನ್ನು ಹೆಚ್ಚಿಸುವ ಅಥವಾ ಕುಗ್ಗಿಸುವ ಅಗತ್ಯ ಬೀಳುವುದಿಲ್ಲ. ಆದ್ದರಿಂದ ಪಾದಗಳನ್ನು ಮೊದಲೇ ಎದುರಿಗೆ ಊರಿ, ಸೊಂಟದಿಂದ ಮೇಲೆ ಮಾತ್ರ ತಿರುಗಿ, ಎದುರಿಗೆ ಬಂದಾಗ ಒತ್ತಿ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸದೆ ಮುಂದುವರಿಸಬೇಕು. ಒತ್ತುತ್ತಲೇ ನಿಲ್ಲುವ ಕೈ ಆ ೧/೬೦ ಸೆಕೆಂಡಿನೊಳಗೇ ನಿಲ್ಲತೊಡಗಿರುತ್ತದೆ.

ಬಹಳ ಹತ್ತಿರ ನಿಂತು ಪ್ಯಾನಿಂಗ್ ಮಾಡುವುದು ಬೇಡ. ಆರು ಮೀಟರ್ ದೂರದಲ್ಲಿ ನಿಂತವನಿಗೆ, ನಡುವಿನ ಓಟಗಾರನು ನಿಶ್ಚಲನಾದರೂ ಅವನಿಂದ ಮೂರು ಮೀಟರ್ ಮುಂದಿರುವ ಕೋಣದ ಮೂತಿಯ ಬಿಂಬಕ್ಕೆ ಮೊದಲಿದ್ದ ವೇಗದ ಕಾಲು ಪಾಲು ಉಳಿದೇ ಇರುತ್ತದೆ. ಇಪ್ಪತ್ತು ಮೀಟರಿಗೆ ಹೋದರೆ ಈ ಉಳಿಕೆ ನೂರರಲ್ಲಿ ಎರಡಕ್ಕೆ ಇಳಿಯುತ್ತದೆ. ಹಿಂದೆ, ಷಟರ್ ಅವಧಿಯ ವಿಷಯದಲ್ಲಿ ದೂರ ನಿಲ್ಲುವುದರಿಂದ ಏನೂ ಲಾಭವಿಲ್ಲವೆಂದು ಕಂಡೆವಷ್ಟೆ, ಪ್ಯಾನಿಂಗಿನಲ್ಲಿ ಲಾಭವುಂಟು.

ಓರೆಯಾದ ಚಕ್ರಗಳು

ಫ್ರಾನ್ಸಿನ ಲಾರ್ತೀಗ್ ಎಂಬ ತರುಣನು ೧೯೧೦ರ ದಶಕದ ಆರಂಭದಲ್ಲಿ ತೆಗೆದ ಒಂದು ಮೋಟಾರು ಪಂದ್ಯದ ಚಿತ್ರ ಲೋಕಪ್ರಸಿದ್ಧವಾಗಿದೆ. ಅದರಲ್ಲಿ ಕಾರಿನ ಚಕ್ರ ಮುಂದಕ್ಕೆ ಬಾಗಿದ ಅಂಡಾಕಾರ. ಹಿಂದೆ ನಿಂತ ಜನರೋ ಹಿಂದಕ್ಕೆ ವಾಲಿದ್ದಾರೆ. ಕಾರಣ ಇಷ್ಟು: ಆ ಬಗೆಯ ಷಟರಿನಲ್ಲಿ ಒಂದು ಸೀಳು ಫಲಕದ ಮೇಲೆ ಹಾದುಹೋಗುತ್ತ, ಮೊದಲು ನೆಲದ ಭಾಗವನ್ನೂ ಕೊನೆಗೆ ಮೇಲಿನ ಭಾಗವನ್ನೂ ಬೆಳಗಿಸುತ್ತಿತ್ತು. ಅಷ್ಟರಲ್ಲಿ ಕಾರು ಮುಂದೆ ಸಾಗಿರುವುದರಿಂದ ಚಕ್ರದ ನೆತ್ತಿ ಅದರ ಬುಡಕ್ಕಿಂತ ಮುಂದೆ ದಾಖಲಾಯಿತು. ಲಾರ್ತೀಗ್ ಕ್ಯಾಮೆರವನ್ನೂ ತಿರುಗಿಸುತ್ತಿದ್ದ, ಆದರೆ ಕಾರಿನಷ್ಟು ಬೇಗ ಅಲ್ಲ; ಆದಕಾರಣ ನಿಂತ ಜನರು ಅತ್ತ ಕಡೆಗೆ ವಾಲಿದರು. ಇದೇ ದೋಷವನ್ನು ಬುದ್ಧಿಪೂರ್ವಕವಾಗಿ ದುಡಿಸಿಕೊಳ್ಳುವುದೂ ಸಾಧ್ಯ. ಓಟದ ಪಂದ್ಯಗಳಲ್ಲಿ ಗೆದ್ದವರಾರೆಂದು ನಿರ್ಣಯಿಸುವ ಕ್ಯಾಮೆರ, ಗೆಲವಿನ ಗೆರೆಯೊಂದನ್ನೇ ಕಿರಿದಾದ ಸೀಳಿನ ಮೂಲಕ ಬಿಡದೆ ನೋಡುತ್ತಿರುತ್ತದೆ. ಅದರ ಚಿತ್ರದಲ್ಲಿ ಎಡಬಲಗಳು ಜಾಗ ಅಲ್ಲವೇ ಅಲ್ಲ, ಕಾಲ.

ಇದು ಹಳೆಯ ಕಥೆಯೆಂದು ಭಾವಿಸಬೇಡಿ. ಮೊಬೈಲುಗಳಲ್ಲಿ ಚಲಿಸುವ ಷಟರೇ ಇಲ್ಲ. ಸೆನ್ಸರನ್ನು ಸಾಲುಸಾಲಾಗಿ ಓದುತ್ತಾರೆ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಬರಲು ೧/೩೦ ಸೆಕೆಂಡು ಹಿಡಿಯಿತೆನ್ನೋಣ. ಅಷ್ಟರಲ್ಲಿ ಕೋಣ ೩೩ ಸೆಂಟಿಮೀಟರ್ ಮುಂದೆ ಹೋಗಿದೆ. ಅವಧಿಯನ್ನು ೧/೪೦೦೦ಕ್ಕೆ ಇಳಿಸಿದರೆ ಪ್ರತಿಯೊಂದು ಸಾಲೂ ಚೂಪಾಗಿ ಬರುತ್ತದೆ, ಆದರೆ ಸಾಲುಗಳ ಕಾಲವ್ಯತ್ಯಾಸ ಹೋಗುವುದಿಲ್ಲ. ಮಸುಕಿಲ್ಲದ, ಸೊಟ್ಟಗಾದ ಕೋಣ ನಮಗೆ ದೊರೆಯುತ್ತದೆ. ಮೊಬೈಲಿನವರು ಎದುರು ನೋಟವನ್ನೇ ಆರಿಸಿಕೊಳ್ಳುವುದಕ್ಕೆ ಇದು ಇನ್ನೊಂದು ಕಾರಣ. ಎಲ್ಲ ಸಾಲುಗಳನ್ನೂ ಒಂದೇ ಕ್ಷಣದಲ್ಲಿ ಹಿಡಿಯುವ ಸೆನ್ಸರನ್ನು ೩೬ ಮಿಲಿಮೀಟರ್ ಅಗಲದ ಕ್ಯಾಮೆರದಲ್ಲಿ ಮಾರುಕಟ್ಟೆಗೆಂದು ಮೊದಲು ಪ್ರಕಟಿಸಿದ್ದು ಸೋನಿ ಸಂಸ್ಥೆ, ೨೦೨೩ರ ನವೆಂಬರಿನಲ್ಲಿ.

ಇರುಳಿನ ಓಟ

ಹಾಗಾದರೆ ಬೆಲೆಯ ಕ್ಯಾಮೆರಕ್ಕೆ ಅರ್ಥವೇ ಇಲ್ಲವೆ? ಇದೆ, ಅದು ಸಂಜೆಯಾದ ಮೇಲೆ ತಿಳಿಯುತ್ತದೆ. ಒಳ್ಳೆಯ ಬಿಸಿಲಿನಲ್ಲಿ ಐಎಸ್‌ಒ ೧೦೦, ಎಫ್ ೧೬, ೧/೧೦೦ ಸೆಕೆಂಡು ಎಂಬುದು ಹಿಂದಿನಿಂದ ಬಂದ ಸೂತ್ರ. ಅದರಂತೆ, ಎಫ್ ೫.೬ ದ್ವಾರದ ಸಾಧಾರಣ ಮಸೂರದಲ್ಲಿಯೂ ಐಎಸ್‌ಒ ೪೦೦ ಇಟ್ಟರೆ ೧/೩೨೦೦ ಸೆಕೆಂಡು ದೊರೆಯುತ್ತದೆ. ನಮಗೆ ಬೇಕಾದುದಕ್ಕಿಂತ ಹೆಚ್ಚು. ಹಗಲಿನಲ್ಲಿ ಬಡವ ಬಲ್ಲಿದರ ಕ್ಯಾಮೆರಗಳಿಗೆ ಅಂತರ ಕಡಿಮೆ. ಆದರೆ ಕಂಬಳ ಹಗಲಿಗೆ ಮುಗಿಯುವುದಿಲ್ಲ. ಹೊನಲು ದೀಪಗಳ ಕೆಳಗೆ ರಾತ್ರಿಯೆಲ್ಲ ನಡೆಯುತ್ತದೆ. ಬಿಸಿಲಿನ ಬೆಳಕು ಸುಮಾರು ಒಂದು ಲಕ್ಷ ಲಕ್ಸ್. ದೀಪಗಳು ಕರೆಯ ಮೇಲೆ ೫೦೦ ಲಕ್ಸ್ ಚೆಲ್ಲಿದವೆನ್ನೋಣ. ಬೆಳಕು ಇನ್ನೂರರಲ್ಲಿ ಒಂದು ಪಾಲಾಯಿತು. ಆಗ ಎಫ್ ೨.೮ರ ಮಸೂರದಲ್ಲಿ ೧/೧೦೦೦ ಸೆಕೆಂಡು ಬೇಕಾದರೆ ಐಎಸ್‌ಒ ೬೪೦೦ ಆಗಬೇಕು, ಎಫ್ ೫.೬ರಲ್ಲಾದರೆ ೨೫,೬೦೦.

ಐಎಸ್‌ಒ ಏರಿಸಿದಾಗ ಕಾಣುವ ಮರಳುಮರಳಾದ ಕಲೆಗಳನ್ನು ಸೆನ್ಸರಿನ ದೋಷವೆಂದು ಎಲ್ಲರೂ ಬಯ್ಯುತ್ತಾರೆ. ಅದರಲ್ಲಿ ಬಹುಪಾಲು ಬೆಳಕಿನ ಸ್ವಭಾವವೇ. ಬೆಳಕು ಫೋಟಾನ್ ಎಂಬ ಬಿಡಿ ಕಣಗಳಾಗಿ, ಮಳೆಹನಿಗಳಂತೆ ಅಡ್ಡಾದಿಡ್ಡಿಯಾಗಿ ಬಂದು ಬೀಳುತ್ತದೆ. ಸರಾಸರಿ ೬೪೦೦ ಕಣಗಳು ಬೀಳುವ ಬಿಂದುವಿನಲ್ಲಿ ಏರುಪೇರು ಅದರ ವರ್ಗಮೂಲವಾದ ೮೦; ಎಂಬತ್ತರಲ್ಲಿ ಒಂದು ಪಾಲು, ಕಣ್ಣಿಗೆ ಕಾಣದು. ೧೦೦ ಕಣಗಳು ಮಾತ್ರ ಬೀಳುವಲ್ಲಿ ಏರುಪೇರು ೧೦. ಹತ್ತರಲ್ಲಿ ಒಂದು ಪಾಲು, ಎದ್ದು ಕಾಣುತ್ತದೆ. ದೊಡ್ಡ ದ್ವಾರದ ಮಸೂರವೂ ದೊಡ್ಡ ಸೆನ್ಸರೂ ಹೆಚ್ಚು ಕಣಗಳನ್ನು ಕೂಡಿಸುತ್ತವೆ. ನಾವು ಕೊಡುವ ಬೆಲೆ ಅದಕ್ಕೆ. ಮೊಬೈಲು ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ ಇರುಳಿನ ನೋಟವನ್ನು ಬೆಳಗಿಸುವ ಜಾಣತನ ಕಲಿತಿದೆಯಾದರೂ, ಚಿತ್ರದಿಂದ ಚಿತ್ರಕ್ಕೆ ಜಾಗ ಬದಲಿಸುವ ಕೋಣಗಳ ಮುಂದೆ ಆ ಜಾಣತನ ನಡೆಯುವುದಿಲ್ಲ. ಮಸುಕು, ಮರಳು ಎರಡರಲ್ಲಿ ಒಂದನ್ನು ಆರಿಸಬೇಕಾದಲ್ಲಿ ಮರಳನ್ನೇ ಆರಿಸುವುದು ಲೇಸು. ಮರಳನ್ನು ಆಮೇಲೆ ಸ್ವಲ್ಪಮಟ್ಟಿಗೆ ತೊಳೆಯಬಹುದು. ಸರಿದುಹೋದ ಬಿಂಬವನ್ನು ಮರಳಿ ಕೂಡಿಸುವುದು ಬಹು ಕಷ್ಟ. ಫ್ಲಾಷ್ ದೀಪವನ್ನಂತೂ ಓಡುವ ಪ್ರಾಣಿಗಳ ಕಣ್ಣಿಗೆ ಹೊಡೆಯುವುದು ಸಲ್ಲದು.

ಇರುಳಿನಲ್ಲಿ ಇನ್ನೊಂದು ವಿಚಿತ್ರ ಕಾಣಬಹುದು. ಸಾಲಾಗಿ ತೆಗೆದ ಮೂರು ಚಿತ್ರಗಳಲ್ಲಿ ಒಂದು ಬೆಳ್ಳಗೆ, ಒಂದು ಕಂದು, ಒಂದು ಅರ್ಧ ಕತ್ತಲೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಅನೇಕ ದೀಪಗಳ ಬೆಳಕು ಅದರಿಂದಾಗಿ ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತದೆ. ಕಣ್ಣಿಗೆ ಅದು ತಿಳಿಯದು. ೧/೧೦೦೦ ಸೆಕೆಂಡಿನ ಷಟರು ಆ ಏರಿಳಿತದ ಹತ್ತರಲ್ಲಿ ಒಂದು ಚೂರನ್ನು ಮಾತ್ರ ಕಂಡು ಅದನ್ನೇ ಬರೆದುಕೊಳ್ಳುತ್ತದೆ. ಕೆಲವು ಕ್ಯಾಮೆರಗಳಲ್ಲಿ ಏರಿಕೆಯ ತುದಿಗೇ ಕಾದು ಷಟರನ್ನು ಬಿಡುವ ಏರ್ಪಾಡಿದೆ. ಅದಿಲ್ಲದವರು ಅವಧಿಯನ್ನು ೧/೧೦೦ಕ್ಕೆ ಇಟ್ಟರೆ ಒಂದು ಪೂರ್ಣ ಏರಿಳಿತ ಅದರೊಳಗೆ ಅಡಗಿ, ಎಲ್ಲ ಚಿತ್ರಗಳಿಗೂ ಒಂದೇ ಸಮನಾದ ಬೆಳಕು ಬರುತ್ತದೆ. ಐಎಸ್‌ಒವನ್ನೂ ಹತ್ತರಲ್ಲಿ ಒಂದು ಪಾಲಿಗೆ ಇಳಿಸಬಹುದು. ೧/೧೦೦ ಸೆಕೆಂಡಿನಲ್ಲಿ ನಿಂತ ಕೈ ಕೋಣವನ್ನು ಹಿಡಿಯಲಾರದು. ಎದುರಿಗೆ ಊರಿದ ಪಾದಗಳ ಮೇಲೆ ಸೊಂಟ ತಿರುಗಿಸುತ್ತ ಹಿಂಬಾಲಿಸುವ ಕೈ ಹಿಡಿಯಬಲ್ಲದು. ಹಿನ್ನೆಲೆಯ ದೀಪಗಳು ಆಗ ಚಿತ್ರದ ಮೇಲೆ ೦.೬ ಮಿಲಿಮೀಟರಿನ ಸಣ್ಣ ಗೆರೆಗಳಾಗಿ ಮೂಡುತ್ತವೆ.